ಬಾಣಂತಿ ಕೋಣೆಯ ವಾಸನೆ

ಹಾಲಿನ ಪಾಕೀಟು ಕತ್ತರಿಸಿ ಹಿಡಿದು ನಿಂತ ಮೇಲೆ ನೆನಪಾಯಿತು, ಅದನ್ನು ಸುರಿಯಲು ತೊಳೆದ ಪಾತ್ರೆ ಒಂದೂ ಒಳಗಿಲ್ಲ. ಹಿಂದಿನ ದಿನದ ಭಾಂಡೆಗಳೆಲ್ಲ ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ಗುಡ್ಡೆ ಬಿದ್ದಿದ್ದವು. ಸಾರಿನ ಬೋಗುಣಿಯ ಅಂಚಿಗೆ ಕರಿಬೇವಿನ ಎಲೆಯೊಂದು ಒಣಗಿ ಅಂಟಿತ್ತು. ಇರುವೆಯೊಂದು ಅದರ ಮೇಲೆ ಹತ್ತಿ ಇಳಿದು ಮಾಡುತ್ತಿತ್ತು. ಪಾಕೀಟನ್ನು ಒಂದು ಕೈಯಲ್ಲಿ ಎತ್ತಿ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಸಣ್ಣ ಪಾತೇಲಿ ತೊಳೆದೆ. ಹಾಲು ಕಾಯಿಸಿ ಅತ್ತೆಗೆ ಚಹಾ ಕೊಟ್ಟೆ. ಅಂಗಳಕ್ಕೆ ನೀರಿನ ಥಳಿ ಹೊಡೆದು ಚಿಕ್ಕದೊಂದು ರಂಗೋಲಿ ಎಳೆದೆ. ನಮ್ಮ ಮನೆ ರಾಣೆಬೆನ್ನೂರಿನಲ್ಲಿ, ಯಜಮಾನರ ಕಚೇರಿ ಹಾವೇರಿಯಲ್ಲಿ. ಡಬ್ಬಿ ಹಿಡಿದು ಕಾರಿನ ಬಾಗಿಲು ತೆಗೆಯುತ್ತ ಅವರು ಅಂದರು, "ಇವತ್ತರ ಆ ಕೆಲಸದಾಕಿಗೆ ಗಟ್ಟಿಯಾಗಿ ಹೇಳು. ನೀ ಬೈಯೂದು ಹೆಂಗಿರತೈತಂದ್ರ, ಬೈಸಿಕೊಂಡಾಕಿ ಥ್ಯಾಂಕ್ಸ್ ಹೇಳಿ ಹೋಗ್ತಾಳ."

ಅವರ ಮಾತು ಸುಳ್ಳಲ್ಲ. ನಾನು ಕಾನ್ವೆಂಟಿನಲ್ಲಿ ಓದಿದವಳು. ಧ್ವನಿ ಎತ್ತಬಾರದು, ಬೆರಳು ತೋರಿಸಿ ಮಾತಾಡಬಾರದು, ಎದುರಿನವರು ಮುಗಿಸುವ ತನಕ ಕಾಯಬೇಕು ಎಂದು ಸಿಸ್ಟರುಗಳು ಕಲಿಸಿದ್ದು ಚರ್ಮದ ಒಳಗೆ ಇಳಿದುಬಿಟ್ಟಿದೆ. ಆದರೆ ಆ ಒಂದು ತಿಂಗಳು ನಮ್ಮ ಕೆಲಸದಾಕೆ ನನ್ನನ್ನೂ ಸಾಕು ಮಾಡಿದ್ದಳು. ಒಂದು ದಿನ ಬರುತ್ತಿದ್ದಳು, ಒಂದು ದಿನ ಇಲ್ಲ. ಬಂದರೂ ಮಧ್ಯಾಹ್ನದ ಊಟದ ಹೊತ್ತಿಗೆ ಬಂದು, ಮೂಲೆಯ ಕಸ ಮೂಲೆಯಲ್ಲೇ ಬಿಟ್ಟು, ನೆಲಕ್ಕೆ ಒದ್ದೆ ಅರಿವೆ ತೋರಿಸಿ ಓಡುತ್ತಿದ್ದಳು. ಕೇಳಿದರೆ ನಳಕ್ಕೆ ನೀರು ಬಂದಿತ್ತು, ತಲೆ ನೋಯುತ್ತಿತ್ತು, ಬಸ್ಸು ಸಿಗಲಿಲ್ಲ. ಎರಡು ಓಣಿ ಆಚೆ ಮನೆ ಇರುವವಳಿಗೆ ಯಾವ ಬಸ್ಸು ಎಂದು ನಾನು ಕೇಳಲಿಲ್ಲ.

ಅದಕ್ಕೂ ಮೊದಲು ಆಕೆ ಹೀಗಿರಲಿಲ್ಲ. ಹೊತ್ತಿಗೆ ಸರಿಯಾಗಿ ಬರುತ್ತಿದ್ದಳು. ಹಿತ್ತಾಳೆ ದೀಪಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಬಿಸಿಲಿಗೆ ಇಟ್ಟು, ತಾನೇ ದೂರ ನಿಂತು ನೋಡುತ್ತಿದ್ದಳು. ವಯಸ್ಸು ನನಗಿಂತ ಸ್ವಲ್ಪ ಕಡಿಮೆ. ಗಂಡ ಗೌಂಡಿ, ಮನೆ ಕಟ್ಟುವ ಕೆಲಸ. ಮಕ್ಕಳೆಷ್ಟು ಎಂದು ಸೇರಿದ ಹೊಸದರಲ್ಲಿ ಕೇಳಿದಾಗ, "ಒಬ್ಬಾಕಿ ಮಗಳು ಇದ್ಲರಿ, ಹೋಗಿಬಿಟ್ಲು" ಅಂದಿದ್ದಳು. ಸತ್ತಳೆಂದೇ ತಿಳಿದು ನಾನು ಮತ್ತೆ ಆ ಮಾತು ಎತ್ತಿರಲಿಲ್ಲ.

ಬುಧವಾರ ಬರದೇ ಇದ್ದವಳು ಆ ಗುರುವಾರ ಮಾತ್ರ ಯಜಮಾನರ ಕಾರು ತಿರುವು ದಾಟುವಷ್ಟರಲ್ಲಿ ಬಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅತ್ತೆಯನ್ನು ಮಾತಾಡಿಸದೆ, ಪಕ್ಕದ ಸಂದಿಯಿಂದ ನೇರ ಹಿತ್ತಲಿಗೆ ಹೋದಳು. ಮುಂದಿನ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ತೊಗರಿಬೇಳೆ ಆರಿಸುತ್ತಿದ್ದ ಅತ್ತೆ ಮೂಗು ಅರಳಿಸಿದರು.

"ನಿನಗ ಮೂಗಿಲ್ಲೇನ ತಂಗಿ? ಅಕಿ ಹಾದು ಹೋದ್ರ ಬಾಣಂತಿ ಕ್ವಾಣಿ ಬಾಗಲಾ ತಗದಂಗ ಆಕ್ಕೈತಿ."

ನನಗೂ ಗೊತ್ತಾಗಿತ್ತು. ಬಜೆ, ಲೋಬಾನದ ಹೊಗೆ, ಕಾಯಿಸಿದ ಎಣ್ಣೆ. ಈ ಮೂರೂ ಸೇರಿದ ವಾಸನೆ ಕೂದಲಿಗೆ ಒಮ್ಮೆ ಹಿಡಿದರೆ ಮರುದಿನಕ್ಕೂ ಹೋಗುವುದಿಲ್ಲ. ಆಕೆಯ ಮೊಣಕೈಯ ಮಡಿಕೆಯಲ್ಲಿ ಎಣ್ಣೆಯ ಹೊಳಪು ಇರುವುದನ್ನೂ, ಸೀರೆಯ ಮೊಣಕಾಲಿನ ಜಾಗ ಮಾತ್ರ ಜಿಡ್ಡಾಗಿರುವುದನ್ನೂ ನೋಡಿದ್ದೆ. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುವವರ ಸೀರೆ ಹಾಗಾಗುತ್ತದೆ. ಯಾವುದೋ ಉಳ್ಳವರ ಮನೆಯಲ್ಲಿ ಬಾಣಂತಿಗೆ, ಕೂಸಿಗೆ ಎರೆಯುವ ಕೆಲಸ ಹಿಡಿದಿದ್ದಾಳೆ, ಅದಕ್ಕೇ ನಮಗೆ ಕೈಕೊಡುತ್ತಿದ್ದಾಳೆ ಎಂದು ನಾನು ಲೆಕ್ಕ ಹಾಕಿದ್ದೆ. ಅತ್ತೆಯ ಲೆಕ್ಕ ಬೇರೆ. "ಅಕಿ ಮನಿಯಾಗ ಯಾರೋ ಹಡಿಯಾಕ ಬಂದಾರ. ನಾದಿನಿ ಇರಬೇಕು. ಒಂದ್ ಪೇಢೆ ಕೊಡಬೇಕಾಗ್ತೈತಿ ಅಂತ ಬಾಯಿ ಬಿಡವಲ್ಲಳು, ಜಿಪುಣಿ."

ಹಿತ್ತಲಿಗೆ ಹೋಗಿ ಮಣೆ ಹಾಕಿಕೊಂಡು ಅವಳ ಎದುರು ಕೂತೆ. ಬೂದಿಬಣ್ಣದ ಪುಡಿ ಹಾಕಿ ಕುಕ್ಕರು ತಿಕ್ಕುತ್ತಿದ್ದವಳು ತಲೆ ಎತ್ತಲಿಲ್ಲ.

"ನೋಡು, ನಿನಗ ಬ್ಯಾರೆ ಕೆಲಸ ಇದ್ರ ನಾ ಬ್ಯಾಡ ಅನ್ನೂದಿಲ್ಲ. ಆದ್ರ ಬರೂ ಹೊತ್ತು ಒಂದು ಹೇಳು. ಒಂಬತ್ತಕ್ಕ ಬರ್ತೀನಂದ್ರ ಒಂಬತ್ತು, ಹನ್ನೊಂದಂದ್ರ ಹನ್ನೊಂದು. ಬರಾಕ ಆಗೂದಿಲ್ಲಂದ್ರ ಹಿಂದಿನ ದಿನಾನ ಹೇಳಿಬಿಡು. ಸುಳ್ಳ ಮಾತ್ರ ಬ್ಯಾಡ. ನಾ ಕಾಯ್ಕೋತ ಕುಂದ್ರೂದು ಬ್ಯಾಡ, ನೀ ನೆವಾ ಹುಡುಕೂದು ಬ್ಯಾಡ."

ಅವಳು ಕುಕ್ಕರನ್ನು ಬೋರಲು ಹಾಕಿದಳು. "ಖರೇ ಐತ್ರಿ ಅಕ್ಕಾರ, ನಂದ ತಪ್ಪೈತಿ. ಆದ್ರ ನೀವೂ ನಂದೊಂದ್ ಕೇಳ್ರಿ. ಸಂಜೀಗೆ ಮಂದಿ ಬಂದ್ರು, ಬಾ ಅಂತ ಫೋನ್ ಮಾಡಬ್ಯಾಡ್ರಿ. ಆ ಫೋನ್ ನಂದಲ್ಲ, ಅವಂದು. ಅವನ ಎತ್ತತಾನ. ನೀವು ನನ್ನ ಕೇಳಿದ್ರಿ ಅಂದ್ರ ಮುಂಜಾನಿಂದ ಎಲ್ಲಿದ್ದಿ, ಯಾರ ಮನಿಯಾಗಿದ್ದಿ ಅಂತ ಶುರು ಹಚ್ಚತಾನ." ಹೇಳುತ್ತ ಎಡಗೈಯ ಬಳೆಗಳನ್ನು ಮೇಲಕ್ಕೆ ಸರಿಸಿದಳು. ಬಳೆಗಳ ಕೆಳಗಿನ ಚರ್ಮ ಹಳದಿಗಟ್ಟಿ, ನಡುವೆ ಕಂದಾಗಿತ್ತು. ನನಗೆ ತೋರಿಸಲಿಕ್ಕೆ ಸರಿಸಿದ್ದಲ್ಲ, ನೊರೆ ತಾಗದಿರಲಿ ಎಂದು ಅಷ್ಟೇ.

"ಆತು, ಮಾಡೂದಿಲ್ಲ" ಅಂದೆ.

"ಇನ್ನೊಂದ್ ತಿಂಗಳ ತಡಕೋರಿ. ಹತ್ತ ಹೊಡೆದ ಮ್ಯಾಲೆ ಬರ್ತೇನಿ, ತಪ್ಪಸೂದಿಲ್ಲ. ಇವತ್ತೊಂದ್ ದಿವಸ ಲಗೂ ಹೋಗಬೇಕು." ಅವಳು ಒಮ್ಮೆ ಸಂದಿಯ ಕಡೆ ನೋಡಿ, ದನಿ ತಗ್ಗಿಸಿದಳು. "ಯಾಕಂತ ನಿಮಗಷ್ಟ ಹೇಳ್ತೇನಿ ಅಕ್ಕಾರ..."

ಆಗ ಮುಂದಿನ ಗೇಟಿನ ಚಿಲಕ ಸಪ್ಪಳವಾಯಿತು.

ಬಂದವನು ಅವಳ ಗಂಡ. ಸಂದಿಯ ತುದಿಯಿಂದ ನನಗೆ ಕಟ್ಟೆ ಕಾಣುತ್ತಿತ್ತು. ಎಂದಿನಂತೆ ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟಿದ್ದ. ಮುಂಗೈ ಕೂದಲಿನಲ್ಲಿ ಸಿಮೆಂಟಿನ ಧೂಳು. ನಮ್ಮ ಅತ್ತೆಗೆ ಬಾಗಿ ನಮಸ್ಕಾರ ಮಾಡಿದ. "ಅಮ್ಮಾರ, ನಮ್ಮಾಕಿ ಅದಾಳೇನ್ರಿ? ಮಾಲು ಬಂದಿಲ್ಲಂತ, ಕೆಲಸ ಬಂದ್. ಮನಿ ಕೀಲಿ ಅಕಿ ಕಡೆ ಉಳದೈತಿ."

"ಬಾರೋ ಬಾ" ಅಂದರು ಅತ್ತೆ, ಬೇಳೆಯೊಳಗಿನ ಕಲ್ಲೊಂದನ್ನು ಎಸೆಯುತ್ತ. ಅವರ ದನಿಯಲ್ಲಿ ಬರೀ ತಮಾಷೆ ಇತ್ತು. ಅದನ್ನು ನಾನು ಇವತ್ತಿಗೂ ಆಣೆ ಮಾಡಿ ಹೇಳಬಲ್ಲೆ. "ಕೀಲಿ ಆಮ್ಯಾಲೆ ಕೊಡಸ್ತೀನಿ, ಮೊದಲ ಪೇಢೆ ಎಲ್ಲಿ ಹೇಳು. ಮನಿಯಾಗ ಬಾಣಂತಿ ಇಟಗೊಂಡು ನಮಗ ಸುದ್ದೀನ ಇಲ್ಲ?"

"ಯಾವ ಬಾಣಂತಿರಿ ಅಮ್ಮಾರ?" ಅವನೂ ನಕ್ಕ.

"ಏ, ನನ್ನ ಮುಂದ ನಡ್ಯಾಂಗಿಲ್ಲ ಇದೆಲ್ಲ. ನಾ ಎಷ್ಟ ಬಾಣಂತನ ಮಾಡೇನಿ! ನಿನ್ನ ಹೇಂತಿ ಮೈಯೆಲ್ಲಾ ಬಜಿ, ಲೋಬಾನ. ಎರದು ಎರದು ಸೀರಿ ಜಿಡ್ಡ ಆಗೇತಿ. ಗಂಡೋ ಹೆಣ್ಣೋ ಅಷ್ಟರ ಹೇಳು."

ಅವನ ನಗು ಮುಖದ ಮೇಲೆ ಹಾಗೇ ಇತ್ತು, ಕಣ್ಣು ಮಾತ್ರ ಬೇರೆಯಾದವು. ನಾನು ನನ್ನೆದುರು ಕೂತವಳನ್ನು ನೋಡಿದೆ. ಅವಳ ಕೈಯಲ್ಲಿದ್ದ ಸೌಟು ಅಲುಗದೆ ನಿಂತಿತ್ತು. ನೊರೆ ಮೊಣಕೈಯಿಂದ ಹನಿಯುತ್ತಿತ್ತು. ಬಾಯಿ ಪೂರ್ತಿ ಬಿಳಿಚಿಕೊಂಡಿತ್ತು.

ಅವನು ಬರಿಗಾಲಲ್ಲಿ, ಸಪ್ಪಳವಿಲ್ಲದೆ, ಸಂದಿಯಿಂದ ಬಂದ. ನನ್ನನ್ನು ದಾಟುವಾಗ "ಸ್ವಲ್ಪ ಸರೀರಿ ಅಕ್ಕಾರ" ಎಂದು ಮರ್ಯಾದೆಯಿಂದಲೇ ಅಂದ. ಬಗ್ಗಿ ಅವಳ ತುರುಬಿಗೆ ಕೈ ಹಾಕಿ, ತಲೆಯನ್ನು ಹಿಂದಕ್ಕೆಳೆದು, ಕೂದಲೊಳಗೆ ಮೂಗಿಟ್ಟು ದೀರ್ಘವಾಗಿ ಮೂಸಿದ. ಹೊಡೆತಗಳಿಗಿಂತ ನನಗೆ ಇವತ್ತಿಗೂ ಬಿಡದೆ ಕಾಡುವುದು ಆ ಮೂಸುವಿಕೆ.

"ಸತ್ತಾಕಿಗೆ ಎರಿಯಾಕ ಹೋಗಿದ್ದೇನು?" ಅಂದ.

ಅವನು ಅವಳ ಮುಖವನ್ನು ಒಗೆಯುವ ಕಲ್ಲಿಗೆ ಹೊಡೆದ. ಒದ್ದೆ ಬಟ್ಟೆ ಬಡಿದಂಥದೇ ಸಪ್ಪಳ. ಎತ್ತಿ ಮತ್ತೊಮ್ಮೆ ಹೊಡೆದ. ಸೋಪಿನ ನೊರೆ ಗುಲಾಬಿ ಬಣ್ಣಕ್ಕೆ ತಿರುಗಿ ಮೋರಿಯ ಕಡೆ ಹರಿಯಿತು. ಅವಳು ನೆಲಕ್ಕೆ ಕೈ ಊರಿದಾಗ ಆ ಕೈಯನ್ನೇ ಕಾಲಿನಿಂದ ತುಳಿದ. ಬಳೆ ಒಡೆದವು, ಅದರ ಜೊತೆ ಇನ್ನೇನೋ ಲಟಕ್ಕೆಂದಿತು. ನಾನು ಕೂಗಬೇಕಿತ್ತು. ನನ್ನ ಗಂಟಲಿನಿಂದ ಹೊರಟಿದ್ದು "ಪ್ಲೀಸ್, ಬ್ಯಾಡ್ರಿ" ಎಂಬ ಮಾತು, ಅದೂ ತರಗತಿಯಲ್ಲಿ ಪೆನ್ಸಿಲು ಕೇಳುವಷ್ಟು ಮೆಲ್ಲಗೆ. ಕೈಗೆ ಸಿಕ್ಕ ಕುಕ್ಕರಿನಿಂದ ಅವನ ಬೆನ್ನಿಗೆ ಹೊಡೆದೆ. ಅವನು ತಿರುಗದೆಯೇ ಮೊಣಕೈ ಬೀಸಿದ. ಗೋಡೆಗೆ ಬಡಿದು ಕೂತುಬಿಟ್ಟೆ; ನನ್ನ ಹಲ್ಲು ನಾಲಿಗೆಯೊಳಗೆ ಇಳಿದಿತ್ತು, ಬಾಯಲ್ಲಿ ಉಪ್ಪು ಉಪ್ಪು.

ಕೂಗಿದವರು ಅತ್ತೆ. ಮೊರ ಕೈಯಲ್ಲಿ ಹಿಡಿದುಕೊಂಡೇ ಸಂದಿಯಲ್ಲಿ ನಿಂತು, "ಬರ್ರೋ! ಯಾರರ ಬರ್ರೋ! ಕೊಲ್ಲಾಕತ್ತಾನೋ!" ಎಂದು ಇಡೀ ಓಣಿಗೆ ಕೇಳುವಂತೆ. ಆ ಹೊತ್ತಿಗೆ ಓಣಿಯಲ್ಲಿ ಗಂಡಸರು ಯಾರೂ ಇರುವುದಿಲ್ಲ. ಪಕ್ಕದ ಮನೆಯವರಂತೂ ಲಗ್ನಕ್ಕೆಂದು ನಸುಕಿನಲ್ಲೇ ಹಾವೇರಿಗೆ ಹೋಗಿದ್ದರು. ಆದರೂ ಆ ಕೂಗಿಗೆ ಅವನು ನಿಂತ. ಕೆಳಗೆ ಬಿದ್ದವಳನ್ನು ನೋಡಿ, "ನಿಂದು ಇಷ್ಟ ಸಾಕು. ಈಗ ಅಕೀದು" ಅಂದ. ಗೇಟಿನ ಹೊರಗೆ ಬಗ್ಗಿ ಎರಡೂ ಚಪ್ಪಲಿ ಮೆಟ್ಟಿಕೊಂಡು ಬೈಕು ಹತ್ತಿದ.

ನೆಲದ ಮೇಲಿಂದ ಅವಳು ನನ್ನ ಕಾಲು ಹಿಡಿದಳು. ಮೇಲಿನ ತುಟಿ ಎರಡಾಗಿ ಸೀಳಿತ್ತು. ಮಾತು ರಕ್ತದ ಗುಳ್ಳೆಗಳ ನಡುವಿನಿಂದ ಬರುತ್ತಿತ್ತು. "ಬ್ಯಾಡಗೀಗೆ ಹೊಂಟಾನ್ರಿ. ನನ್ನ ಮಗಳ ಅದಾಳ. ಸತ್ತಿಲ್ಲ. ಹಡದು ಹನ್ನೆರಡು ದಿನಾನೂ ಆಗಿಲ್ರಿ ಅಕ್ಕಾರ."

ಅವಳು ತುಂಡು ತುಂಡಾಗಿ ಹೇಳಿದ್ದರಲ್ಲಿ ಎಲ್ಲವೂ ನನಗೆ ತಿಳಿಯಿತು. ಮಗಳು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡುವ, ಬೇರೆ ಜಾತಿಯ ಹುಡುಗನ ಜೊತೆ ಹೋಗಿ ಮದುವೆಯಾಗಿದ್ದಳು. ಅಪ್ಪ ಒಮ್ಮೆ ಆ ಮನೆಯ ತನಕ ಹೋಗಿ ಗಲಾಟೆ ಮಾಡಿ ಬಂದು, ಬದುಕಿರುವ ಮಗಳ ತಿಥಿ ಮಾಡಿ, ತಲೆ ಬೋಳಿಸಿಕೊಂಡು, ಆ ಹೊಸ್ತಿಲು ತುಳಿದವರ ಕಾಲು ಕಡಿಯುತ್ತೇನೆ ಎಂದಿದ್ದ. ಹೆರಿಗೆಗೆ ಮೊದಲಿನ ದಿನಗಳಿಂದಲೂ ತಾಯಿ ಕದ್ದು ಹೋಗುತ್ತಿದ್ದಳು. ನಮ್ಮ ಮನೆ ಕೆಲಸವೇ ಅವಳ ನೆವ. ಹೆತ್ತ ತಾಯಿ ಇರುವಾಗ ಚೊಚ್ಚಲ ಬಾಣಂತಿಗೆ ಬೇರೆಯವರು ಎರೆಯುವುದು ಅವಳಿಂದ ತಡೆಯಲಾಗಲಿಲ್ಲ. ಗುರುವಾರ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರಾಟದ ದಿನ. ಅಳಿಯ ನಸುಕಿನಲ್ಲೇ ಚೀಲ ಹೊರಲು ಹೋಗುತ್ತಾನೆ. ಕೋಣೆಯಲ್ಲಿ ಬಾಣಂತಿ, ಕೂಸು ಇಬ್ಬರೇ.

ಅಳಿಯನ ನಂಬರು ಅವಳಿಗೆ ಬಾಯಿಪಾಠ ಇತ್ತು. ನನ್ನ ಮೊಬೈಲಿನಿಂದ ಮೇಲಿಂದ ಮೇಲೆ ಮಾಡಿದೆ. ಗಂಟೆ ಬಾರಿಸಿ ಬಾರಿಸಿ ನಿಲ್ಲುತ್ತಿತ್ತು. ಬೆನ್ನ ಮೇಲೆ ಚೀಲ ಇರುವವನು ಹೇಗೆ ಎತ್ತುತ್ತಾನೆ? ಪೊಲೀಸರಿಗೆ ಮಾಡಿದೆ. ಹೆಸರು, ಮಗಳ ಮನೆಯ ಓಣಿ, ಹತ್ತಿರದ ಕೋಲ್ಡ್ ಸ್ಟೋರೇಜಿನ ಗುರುತು ಎಲ್ಲ ಕೇಳಿಕೊಂಡು ಗಾಡಿ ಕಳಿಸುತ್ತೇವೆ ಅಂದರು. "ಗಾಡಿ ಬರೂದ್ರಾಗ ಅವ ಮುಟ್ಟಿರ್ತಾನ್ರಿ" ಎಂದು ಅವಳು ಗೋಡೆ ಹಿಡಿದು ಎದ್ದಳು. ಆಸ್ಪತ್ರೆಗೆ ಹೋಗೋಣ ಎಂದರೆ ಕೇಳಲಿಲ್ಲ. ಅತ್ತೆ ಒಳಗಿನಿಂದ ಒಂದು ಟಾವೆಲ್ಲು ತಂದು ಅವಳ ಮುಖಕ್ಕೆ ಬಿಗಿದು ಕಟ್ಟಿದರು. "ನನ್ನ ನಾಲಿಗಿ ಸುಡ್ಲಿ" ಅಂದರು ಕೊನೆಗೆ. ಅವಳು, "ನಿಮಗೇನ ಗೊತ್ತಿತ್ರಿ ಅಮ್ಮಾರ" ಎಂದು ಸ್ಕೂಟರಿನ ಕಡೆ ನಡೆದಳು.

ನನ್ನ ಸ್ಕೂಟರು ಮಾರ್ಕೆಟ್ಟಿಗೆ, ಸ್ಟೇಷನ್ ರಸ್ತೆಗೆ ಹೋಗಿ ಬರುವಂಥದು. ಹೆದ್ದಾರಿಗೆ ನಾನು ಅದನ್ನು ಯಾವತ್ತೂ ಇಳಿಸಿದವಳಲ್ಲ. ಆ ದಿನ ಲಾರಿಗಳ ನಡುವೆ ಹೇಗೆ ನುಗ್ಗಿದೆನೋ. ಚೀಲ ತುಂಬಿದ ಲಾರಿಯೊಂದು ಹಾರ್ನ್ ಒತ್ತುತ್ತ ಎಷ್ಟು ಹತ್ತಿರ ಸವರಿಕೊಂಡು ಹೋಯಿತೆಂದರೆ ಅದರ ಹಗ್ಗದ ತುದಿ ನನ್ನ ಭುಜಕ್ಕೆ ಚಾಟಿಯಂತೆ ಬಿತ್ತು. ಹಿಂದೆ ಕೂತವಳು ಸರಿಯಿದ್ದ ಕೈಯಿಂದ ನನ್ನ ಸೊಂಟ ಬಳಸಿ, ಮುರಿದ ಕೈಯನ್ನು ನಮ್ಮಿಬ್ಬರ ನಡುವೆ ಇಟ್ಟುಕೊಂಡಿದ್ದಳು. ರಸ್ತೆಯ ಪ್ರತಿ ಕುಣಿಗೂ ಅವಳ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಮೋಟೆಬೆನ್ನೂರಿನ ಹತ್ತಿರ ತಿರುಗಿದ ಸ್ವಲ್ಪ ಹೊತ್ತಿಗೆ ಗಾಳಿಯಲ್ಲಿ ಘಾಟು ಶುರುವಾಯಿತು. ಪೇಟೆಯ ದಿನ ಬ್ಯಾಡಗಿಯ ಗಾಳಿಯೇ ಕೆಂಪಗಿರುತ್ತದೆ, ಹೊರಗಿನವರಿಗೆ ಸೀನು ತಡೆಯದು. ಅವಳು ಸೀನಿದಾಗಲೆಲ್ಲ ಒಡೆದ ಮೂಗಿನಿಂದ ರಕ್ತ ಚಿಮ್ಮಿ ನನ್ನ ಬೆನ್ನು ಬೆಚ್ಚಗೆ ಒದ್ದೆಯಾಗುತ್ತಿತ್ತು. "ಕ್ಷಮಾ ಮಾಡ್ರಿ ಅಕ್ಕಾರ, ನಿಮ್ಮ ಬ್ಲೌಸು" ಅಂದಳು ಒಮ್ಮೆ. ಅದಕ್ಕೆ ನಾನು ಜೋರಾಗಿ ಬೈದೆ. ಏನೆಂದು ಬೈದೆನೋ ನೆನಪಿಲ್ಲ. ನನ್ನ ದನಿ ಲಾರಿಯ ಸಪ್ಪಳದ ಮೇಲೂ ನನಗೆ ಕೇಳಿಸಿತು.

ಕೋಲ್ಡ್ ಸ್ಟೋರೇಜಿನ ಹಿಂದಿನ ಓಣಿ ಕಿರಿದು. ಅದರ ಬಾಯಿಯ ತನಕ ಜನ ತುಂಬಿದ್ದರು, ಕೂಗು ಕೇಳಿ ಪೇಟೆಯಿಂದ ಓಡಿಬಂದ ಹಮಾಲರು: ತಲೆಗೆ ಚೀಲದ ಬಟ್ಟೆ, ಸೊಂಟಕ್ಕೆ ಚೀಲ ಎತ್ತುವ ಕಬ್ಬಿಣದ ಕೊಕ್ಕೆ, ರೆಪ್ಪೆಗಳ ಮೇಲೆ ಕೆಂಪು ಪುಡಿ. ಅವನ ಬೈಕು ಮೋರಿಯಲ್ಲಿ ಬಿದ್ದಿತ್ತು. ಅವನು ಓಣಿಯ ನಡುವೆ ಅಂಗಾತ ಬಿದ್ದಿದ್ದ. ಮೊದಲು ಅವನೆಂದು ಗುರುತೇ ಸಿಗಲಿಲ್ಲ. ಮುಖದ ಒಂದು ಭಾಗದಿಂದ ಎದೆಯ ತನಕ ಚರ್ಮ ಬೆಂದು, ಅಂಗಿಯ ಜೊತೆ ಸುಲಿದು ಬಂದಿತ್ತು. ಅದರ ಮೇಲೆ ಅವರು ಒದೆಯುತ್ತಿದ್ದರು. ಒಬ್ಬ ಒದ್ದು ಸರಿದರೆ ಇನ್ನೊಬ್ಬ. ಪ್ರತಿ ಒದೆತಕ್ಕೂ ಮಣ್ಣಿನಲ್ಲಿ ಬಿದ್ದ ಮೆಣಸಿನಕಾಯಿ ಪುಡಿ ಎದ್ದು ಆ ಬೆಂದ ಮಾಂಸಕ್ಕೆ ಕೂರುತ್ತಿತ್ತು; ಅವನು ಮಾಡುತ್ತಿದ್ದ ಶಬ್ದ ಮನುಷ್ಯರದಲ್ಲ. ಎಲ್ಲರಿಗಿಂತ ಹೆಚ್ಚು ಒದೆಯುತ್ತಿದ್ದವನು ಸಣಕಲು ಹುಡುಗ, ಅಳುತ್ತ ಒದೆಯುತ್ತಿದ್ದ. ಅವನೇ ಅಳಿಯ ಎಂದು ಯಾರೂ ಹೇಳಬೇಕಿರಲಿಲ್ಲ. ಅವನ ಕೈ ಸೊಂಟದ ಕೊಕ್ಕೆಗೆ ಹೋಯಿತು.

"ಹಾಕೋ! ಹೊಟ್ಟಿಗೇ ಹಾಕು!" ಯಾರೋ ಕೂಗಿದರು. "ಬಾಣಂತಿ ಮ್ಯಾಲೆ ಕೈ ಮಾಡಿದ ಸೂಳೇಮಗನ್ನ ಬಿಡಬ್ಯಾಡ!"

ಸ್ಕೂಟರು ನಿಲ್ಲುವ ಮೊದಲೇ ಅವಳು ಇಳಿದಿದ್ದಳು. ಮುಖಕ್ಕೆ ಟಾವೆಲ್ಲು, ಎದೆಯೆಲ್ಲ ರಕ್ತ. ಅವಳನ್ನು ನೋಡಿ ಜನ ತಾವಾಗಿ ಜಾಗ ಬಿಟ್ಟರು. ಅಳಿಯನ ಕೊಕ್ಕೆ ಹಿಡಿದ ಕೈಯನ್ನು ಹಿಡಿದಳು.

"ಸಾಕು."

"ಬಿಡ್ರಿ ಅತ್ತಿ, ಇವತ್ತ ಇವನ್ನ..."

"ಇವ ಸಾಯ್ತಾನ, ಬದಕ್ತಾನ, ನನಗೇನಿಲ್ಲ. ನಿನ್ನ ಒಯ್ದು ಒಳಗ ಹಾಕಿದ್ರ ಕೂಸಿಗೆ ಯಾರಪಾ? ಕೊಡು ಇಲ್ಲೆ."

ಅವನು ಕೊಟ್ಟ. ಅವಳು ಕೊಕ್ಕೆಯನ್ನು ಮೋರಿಗೆ ಎಸೆದಳು. ಗಂಡ ಅವಳ ಸೀರೆಯ ಅಂಚನ್ನು ಗುರುತಿಸಿರಬೇಕು, "ನೀರು" ಅಂದ. ಅವಳು ನಿಂತು ಅವನನ್ನು ನೋಡಿದಳು. ಆಮೇಲೆ ಅವನ ಕಾಲುಗಳನ್ನು ದಾಟಿ, ಸೀರೆ ತಾಗದ ಹಾಗೆ ಎತ್ತಿ ಹಿಡಿದುಕೊಂಡು, ಮನೆಯೊಳಗೆ ಹೋದಳು. ನೀರು ಕೊಟ್ಟವನು ಒಬ್ಬ ಮುದುಕ ಹಮಾಲ. ಸ್ವಲ್ಪ ಹೊತ್ತಿಗೆ ಪೊಲೀಸರ ಗಾಡಿ ಬಂತು. ಆಂಬುಲೆನ್ಸಿನಲ್ಲಿ ಅವನನ್ನು ಹಾವೇರಿಯ ಆಸ್ಪತ್ರೆಗೆ ಒಯ್ದರು.

ಒಂದೇ ಕೋಣೆಯ ಮನೆ. ಬಾಗಿಲಿನ ಚಿಲಕ ಕಿತ್ತು ನೇತಾಡುತ್ತಿತ್ತು. ಮಗಳು ಬಚ್ಚಲಿನ ಮೂಲೆಯಲ್ಲಿ, ಕೈಯಲ್ಲಿ ತಂಬಿಗೆ ಹಿಡಿದು ನಿಂತೇ ಇದ್ದಳು. ಯಾರಾದರೂ ಮುಂದೆ ಬಂದರೆ ಎಸೆಯುವ ಹಾಗೆ. ತಲೆಯ ಒಂದು ಕಡೆ ಜಡೆಯ ಬುಡವೇ ಕಿತ್ತು ಬಂದು ರಕ್ತ ಕಿವಿಗೆ ಇಳಿದಿತ್ತು. ಅವ್ವ ಬರುವ ಹೊತ್ತಾಯಿತೆಂದು ಎರೆಯಲು ನೀರು ಕಾಯಿಸಲು ಇಟ್ಟಿದ್ದಳಂತೆ. ನೀರು ಕುದಿಯುತ್ತಿರುವಾಗ ಬಾಗಿಲು ಮುರಿದು ಒಳಗೆ ಬಂದದ್ದು ಅಪ್ಪ. ಅವನು ಜಡೆಗೆ ಕೈ ಹಾಕಿ, ಇನ್ನೊಂದು ಕೈಯನ್ನು ಕೂಸಿನ ಜೋಳಿಗೆಯ ಕಡೆ ಚಾಚಿದಾಗ, ಕೈಗೆ ಸಿಕ್ಕ ತಂಬಿಗೆಯಿಂದ ಕುದಿಯುವ ನೀರು ಎತ್ತಿ ಮುಖಕ್ಕೆ ಹಾಕಿದ್ದಳು. ಅವನು ಬಿಡದಿದ್ದಾಗ ಪಾತ್ರೆಯನ್ನೇ ಎತ್ತಿ ಸುರಿದಿದ್ದಳು. ಅವಳ ಎರಡೂ ಅಂಗೈ ಸುಟ್ಟು ಗುಳ್ಳೆ ಎದ್ದಿದ್ದವು. ಸೀರೆಯ ಜೋಳಿಗೆಯಲ್ಲಿ ಕೂಸು ಕಿರುಚಿ ಕಿರುಚಿ ಕೆಂಪಾಗಿತ್ತು.

ತಾಯಿ ಮಗಳನ್ನು ಅಪ್ಪಿಕೊಳ್ಳಲಿಲ್ಲ, ಅಳಲೂ ಇಲ್ಲ. "ಎರದಿಯೇನು ಕೂಸಿಗೆ?" ಎಂದು ಕೇಳಿದಳು.

"ಎಲ್ಲಿ ಎರೀಲಿ ಯವ್ವಾ. ನೀರೆಲ್ಲಾ ಅವನ ಮ್ಯಾಲೆ ಹೋದುವು."

"ಮತ್ತ ಇಡು."

ಮಗಳ ಕೈಯಿಂದ ಆಗುವಂತಿರಲಿಲ್ಲ; ನಾನು ಇಟ್ಟೆ. ನೀರು ಕಾಯುವವರೆಗೆ ಬಾಗಿಲಲ್ಲಿ ನಿಂತ ಮಹಿಳಾ ಪೊಲೀಸು ಪ್ರಶ್ನೆ ಕೇಳುತ್ತಿದ್ದಳು. ರಾಣೆಬೆನ್ನೂರಿನಲ್ಲಿ ಆದದ್ದನ್ನು ಕಣ್ಣಾರೆ ನೋಡಿದವರು ಯಾರು ಎಂದಳು. ನಾನೇ ನೋಡಿದ್ದು ಅಂದೆ. ಕೋರ್ಟಿಗೆ ಬರಬೇಕಾಗುತ್ತದೆ, ಮನೆಯವರನ್ನು ಕೇಳಿ ಹೇಳಿ ಅಂದಳು. ಕೇಳುವುದೇನಿಲ್ಲ, ಬರೆದುಕೊಳ್ಳಿ ಅಂದೆ.

ಆಮೇಲೆ ಬಾಣಂತಿಯ ತಾಯಿ ಬಚ್ಚಲಿನಲ್ಲಿ ಕಾಲು ಚಾಚಿ ಕೂತು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಳು. ಬಲಗೈ ಊದಿ ಬೋಗುಣಿಯಷ್ಟಾಗಿತ್ತು. ಎಡಗೈಯಿಂದಲೇ ಎಣ್ಣೆ ತಿಕ್ಕಿದಳು; ನಾನು ನೀರು ಹಾಕಿದೆ. "ಎತ್ತರದಿಂದ ಹಾಕ್ರಿ ಅಕ್ಕಾರ, ಹೆದರಬ್ಯಾಡ್ರಿ, ಇದು ಹೆಣ್ಣು, ತಡಕೋತೈತಿ." ಅವಳ ತುಟಿಯಿಂದ ಒಂದು ಹನಿ ರಕ್ತ ಕೂಸಿನ ಹೊಟ್ಟೆಯ ಮೇಲೆ ಬಿತ್ತು. ನಾನು ಹಾಕಿದ ನೀರಿಗೆ ಅದು ಹರಿದು ಹೋಯಿತು. ಕೂಸು ಅಳು ನಿಲ್ಲಿಸಿ, ಬಾಯಿ ತೆರೆದು ಆಕಳಿಸಿತು.

ಕೂಸನ್ನು ಒರೆಸಿ ಸುತ್ತಿದ ಮೇಲೆಯೇ ಅವಳು ಮಗಳನ್ನೂ ಕರೆದುಕೊಂಡು ಬ್ಯಾಡಗಿಯ ಆಸ್ಪತ್ರೆಗೆ ಹೊರಡಲು ಒಪ್ಪಿದ್ದು. ಕೈಗೆ ಪಟ್ಟಿ, ತುಟಿಗೆ ಹೊಲಿಗೆ ಹಾಕಿಸಿಕೊಂಡು ಹೊರಗೆ ಬೆಂಚಿನ ಮೇಲೆ ಕೂತಾಗ, ಹೊಲಿದ ತುಟಿಯಿಂದಲೇ ಕೇಳಿದಳು:

"ಅಕ್ಕಾರ, ನನ್ನ ಕೆಲಸ ಬ್ಯಾರೆಯವರಿಗೆ ಕೊಡ್ತೀರೇನ್ರಿ?"

ಇನ್ನು ಆ ಗಂಡನ ಮನೆಗೆ ಅವಳು ಹೋಗುವುದಿಲ್ಲ. ಕೈಗೆ ಬರುವ ನಮ್ಮ ಮನೆಯ ಪಗಾರವೊಂದೇ ಅವಳದು. "ಕೈ ಕೂಡೂತನಕ, ಬಾಣಂತನ ಮುಗಿಯೂತನಕ ನಾನ ಮಾಡ್ಕೋತೀನಿ" ಅಂದೆ. "ಆಮ್ಯಾಲೆ ಬ್ಯಾಡಗೀಯಿಂದ ರೈಲಿಗೆ ಬಾ. ರೈಲು ಎಷ್ಟೊತ್ತಿಗೆ ಬರತೈತೋ ಅದ ನಿನ್ನ ಹೊತ್ತು."

"ರೈಲು ತಡಾ ಆದ್ರ?"

"ತಡಾ ಆತು ಅಂತ ಹೇಳು. ಖರೇ ಹೇಳಿದ್ರ ಸಾಕು."

"ಮತ್ತ ನೆಲಾ ದಿನಾ ಒರಸೂದು ಆಗೂದಿಲ್ರಿ, ಈ ಕೈ ಮೊದಲಿನಂಗ ಆಕ್ಕೈತೋ ಇಲ್ಲೋ."

"ದಿನಾ ಬಿಟ್ಟ ದಿನಾ ಒರಸು."

ಅವಳು ತಲೆಯಾಡಿಸಿ ಕಣ್ಣು ಮುಚ್ಚಿದಳು. ಆಗ ಮೈಯೆಲ್ಲ ನಡುಕ ಹತ್ತಿತು ಅವಳಿಗೆ; ಬೆಂಚಿನ ಕಾಲು ನೆಲಕ್ಕೆ ಬಡಿಯುವಷ್ಟು. ಅಳಿಯ ಓಡಿ ಬಂದು ತನ್ನ ತಲೆಯ ಚೀಲದ ಬಟ್ಟೆಯನ್ನೇ ಹೊದಿಸಿದ. ನಾನು ಅವಳ ಭುಜವನ್ನು ಒತ್ತಿ ಹಿಡಿದು ಕೂತೆ.

ಮನೆಗೆ ಬಂದಾಗ ಸಂಜೆಯಾಗಿತ್ತು. ಅತ್ತೆ ಹಿತ್ತಲಿನ ಕಲ್ಲನ್ನು ಒಬ್ಬರೇ ತಿಕ್ಕಿ ತೊಳೆದಿದ್ದರು. ಒಡೆದ ಬಳೆಯ ಚೂರುಗಳನ್ನು ಒಂದು ಕಾಗದದಲ್ಲಿ ಕೂಡಿಸಿ ಇಟ್ಟಿದ್ದರು, ಎಲ್ಲಿ ಹಾಕಬೇಕೆಂದು ತಿಳಿಯದೆ. ಇಡೀ ದಿನ ಅವರು ಊಟ ಮಾಡಿರಲಿಲ್ಲ. ನಾನು ರಕ್ತದ ಬ್ಲೌಸು ಬದಲಿಸಿ, ಉಳಿದ ಭಾಂಡೆಗಳ ಮುಂದೆ ಮಣೆ ಹಾಕಿಕೊಂಡು ಕೂತೆ. ಬಾತುಕೊಂಡ ನಾಲಿಗೆ ಹಲ್ಲಿಗೆ ತಾಗುತ್ತಿತ್ತು. ಕುಕ್ಕರಿನ ಅಂಚು ನಗ್ಗಿತ್ತು, ಮುಚ್ಚಳ ಕೂರಲಿಲ್ಲ.

ಹಾವೇರಿಯ ಲಗ್ನ ಮುಗಿಸಿಕೊಂಡು ಬಂದ ಪಕ್ಕದ ಮನೆಯಾಕೆ ಆಗತಾನೇ ರೇಷ್ಮೆ ಸೀರೆ ಬದಲಿಸಿ, ಮುಡಿದ ಹೂವು ಹಾಗೇ ಇಟ್ಟುಕೊಂಡು, ಕಂಪೌಂಡಿನ ಮೇಲಿಂದ ಒಂದು ಬುಂದಿ ಲಾಡುವಿನ ಪೊಟ್ಟಣ ಚಾಚಿದಳು. ನಾನು ನೊರೆಗೈಯನ್ನು ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡೆ. ಅವಳು ನನ್ನ ಹಿಂದಿದ್ದ ಗುಡ್ಡೆಯನ್ನು ನೋಡಿ ನಾಲಿಗೆ ಲೊಚಗುಟ್ಟಿದಳು.

"ಇವತ್ತೂ ಕೈ ಕೊಟ್ಲೇನ್ರಿ ನಿಮ್ಮಾಕಿ? ನೀವು ಭಾಳ ಮೆತ್ತಗ ಇರ್ತೀರಿ, ಅದಕ್ಕ ಹಿಂಗ. ಅಕಿ ಗಂಡ ಗೌಂಡಿ ಅದಾನಲ್ರಿ, ಭಾಳ ಮರ್ಯಾದಿ ಮನಷ್ಯಾ. ಅವಗೊಂದ್ ಮಾತ ಹೇಳಿಬಿಡ್ರಿ, ನಾಳಿಂದ ಸುದ್ದ ಬರ್ತಾಳ."